ಗಿಡ್ಡರ ಮನೆಯ ಎತ್ತರದ ಮಗಳು

ನಮ್ಮವ್ವನ ಎತ್ತರ ಮೂರು ಅಡಿ ಏಳು ಇಂಚು. ಅಪ್ಪ ಅವಳಿಗಿಂತ ಎರಡು ಬೆರಳು ಹೆಚ್ಚು. ಆ ಎರಡು ಬೆರಳಿನ ಜಂಬವನ್ನು ಅವನು ಸಾಯುವತನಕ ಬಿಡಲಿಲ್ಲ. ಜಗಳ ಬಂದಾಗಲೆಲ್ಲ, "ತಲಿ ಎತ್ತಿ ಮಾತಾಡು, ನಾ ಮ್ಯಾಲದೇನಿ" ಎನ್ನುತ್ತಿದ್ದ. ಅವ್ವ ಬಿಡುವವಳಲ್ಲ. "ಮ್ಯಾಲೆಷ್ಟ ಅದೀರಿ, ನೆಲದಾಗೂ ಅಷ್ಟ ಅದೀರಿ, ನನಗ ಗೊತ್ತೈತಿ" ಎಂದು ಅಲ್ಲಿಗಲ್ಲಿಗೆ ತೀರಿಸುತ್ತಿದ್ದಳು.

ಎರಡನೇ ಇಯತ್ತೆ ಮುಗಿಯುವಷ್ಟರಲ್ಲಿ ನಾನು ಇಬ್ಬರನ್ನೂ ದಾಟಿದ್ದೆ. ಈಗ ಐದು ಅಡಿ ಐದು ಇಂಚು ಇದ್ದೇನೆ. ಅಟ್ಟದ ಡಬ್ಬಿ ಇಳಿಸುವುದು, ಬಲ್ಬ್ ಹಾಕುವುದು, ಗೋಡೆಯ ಮೊಳೆಗೆ ಕ್ಯಾಲೆಂಡರ್ ಸಿಕ್ಕಿಸುವುದು ಸಣ್ಣಂದಿನಿಂದಲೂ ನನ್ನ ಕೆಲಸ. "ದೇವರು ನಮಗ ಮಗಳನ್ನ ಕೊಟ್ಟಿಲ್ರಿ, ನಿಚ್ಚಣಿಕಿ ಕೊಟ್ಟಾನ" ಎಂದು ಅಪ್ಪ ಗಿರಾಕಿಗಳ ಮುಂದೆ ಹೇಳಿ ನಗುತ್ತಿದ್ದ.

ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಪ್ಪನ ಟೇಲರ್ ಅಂಗಡಿ ಇತ್ತು. ಮಶೀನಿನ ಸ್ಟ್ಯಾಂಡಿನ ಕಾಲುಗಳನ್ನು ವೆಲ್ಡಿಂಗ್ ಅಂಗಡಿಯಲ್ಲಿ ಕತ್ತರಿಸಿ ತನ್ನ ಅಳತೆಗೆ ಮಾಡಿಸಿಕೊಂಡಿದ್ದ. ಪಕ್ಕದಲ್ಲಿ ಅವ್ವ ಚಾಪೆ ಹಾಸಿ ಕುಳಿತು ಕಾಜಾ ಮಾಡುವಳು, ಗುಂಡಿ ಹಚ್ಚುವಳು. ಗಿರಾಕಿಯ ಭುಜದ ಅಳತೆಗೆ ಅಪ್ಪ ಸ್ಟೂಲ್ ಹತ್ತಬೇಕಾಗುತ್ತಿತ್ತು. ಹೊಸಬರು ನಗುತ್ತಿದ್ದರು. ಹಳಬರು ತಾವೇ ಬಗ್ಗುತ್ತಿದ್ದರು.

ಪಿಯುಸಿ ಎರಡನೇ ವರ್ಷದಲ್ಲಿ ಬಟಾಣಿ ಗಿಡದ ಪಾಠ ಬಂತು. ಎತ್ತರದ ಗಿಡಕ್ಕೆ ಗಿಡ್ಡ ಗಿಡ ಕೂಡಿಸಿದರೆ ಎತ್ತರ ಬರುತ್ತದೆ. ಗಿಡ್ಡಕ್ಕೆ ಗಿಡ್ಡ ಕೂಡಿಸಿದರೆ ಹುಟ್ಟುವುದೆಲ್ಲ ಗಿಡ್ಡವೇ. ಸರ್ ಬೋರ್ಡಿನ ಮೇಲೆ ಬರೆದು ಈ ಕಡೆ ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸಣ್ಣ ಊರು, ಅಪ್ಪನ ಅಂಗಡಿ ಯಾರಿಗೆ ಗೊತ್ತಿಲ್ಲ? ಬೆಲ್ಲಾದ ಮೇಲೆ ಸ್ಟಾಫ್ ರೂಮಿಗೆ ಹೋಗಿ ಸರ್‌ಗೆ ಸೀದಾ ಕೇಳಿದೆ. ಅವರು ಒಳ್ಳೆಯವರು. "ಮನಷ್ಯಾರಾಗ ಗಿಡ್ಡತನ ಬ್ಯಾರೆ ಬ್ಯಾರೆ ನಮೂನಿ ಇರ್ತೈತವಾ. ಪ್ರಬಲ ಜೀನಿನಿಂದ ಬಂದದ್ದಾದ್ರ ಇಬ್ಬರು ಗಿಡ್ಡರಿಗೂ ಎತ್ತರದ ಕೂಸು ಹುಟ್ಟಬಹುದು. ನಿಮ್ಮ ಮನ್ಯಾಗಿಂದು ಅದ ಇರಬೇಕು" ಎಂದರು.

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನಮ್ಮ ಮನೆಯ ಗಿಡ್ಡತನ ಪ್ರಬಲವಾದರೆ ನಾನು ಅವ್ವನ ಮಗಳು. ದುರ್ಬಲವಾದರೆ ಅಲ್ಲ. ಮುಂದೆ ನಾನೇ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕಿಯಾದೆ. ಪ್ರತಿ ವರ್ಷ ಅದೇ ಪಾಠ ಮಾಡುವಾಗ, "ಮನುಷ್ಯರಲ್ಲಿ ಎಲ್ಲ ಹೀಗೇ ಅಂತಿಲ್ಲ" ಎಂದು ಒಂದು ಮಾತು ಸೇರಿಸುತ್ತಿದ್ದೆ. ಹುಡುಗರು ಅದನ್ನು ಬರೆದುಕೊಳ್ಳುತ್ತಿರಲಿಲ್ಲ, ಪರೀಕ್ಷೆಗೆ ಬರುವ ಮಾತಲ್ಲವಲ್ಲ. ನಾನು ಮಾತ್ರ ಆ ಮಾತಿನ ಆಸರೆಯಲ್ಲಿ ಬದುಕಿದ್ದೆ. ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ.

ನೌಕರಿ ಸಿಕ್ಕ ಮೇಲೆ ವರಗಳು ಬಂದವು. ಬಂದವರು ನನ್ನನ್ನು ನೋಡುವರು, ಮುಖ ಅರಳುವುದು. ಆಮೇಲೆ ಅವ್ವ ಅವಲಕ್ಕಿಯ ತಾಟು ಹಿಡಿದು ಒಳಗಿನಿಂದ ಬರುವಳು, ಮಾತು ತಣ್ಣಗಾಗುವುದು. "ಮುಂದ ತಿಳಸ್ತೀವ್ರಿ" ಎಂದು ಚಪ್ಪಲಿ ಮೆಟ್ಟುವರು. ಒಬ್ಬ ಮುದುಕಿ ಮಾತ್ರ ಬಾಯಿಬಿಟ್ಟೇ ಹೇಳಿದಳು, "ಹುಡಿಗಿ ಛಲೋ ಅದಾಳ, ಖರೆ ಬೀಜ ಗಿಡ್ಡ ಐತಿ." ಅವ್ವ ಚಹಾದ ಕಪ್ಪು ಬಸಿ ಎತ್ತಿಕೊಂಡು ತೊಳೆಯಲು ಹೋದಳು. ಹೀಗೆ ಬರುವವರು ಕಡಿಮೆಯಾದರು, ಆಮೇಲೆ ನಿಂತರು. ನಾನು ನಲವತ್ತು ದಾಟಿದೆ.

ಆಗ ಬಂದವರು ಡಾಕ್ಟರು. ಮೈಸೂರು ಕಡೆಯ ಹೆಣ್ಣುಮಗಳು, ನನಗಿಂತ ಚಿಕ್ಕವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ಒಂದೇ ಬಗೆಯ ಗಿಡ್ಡತನ ಇರುವ ಮನೆಗಳಿವೆ, ಅದರ ಜೀನು ಯಾವುದೆಂದು ಹುಡುಕುತ್ತಿದ್ದೇವೆ ಎಂದರು. ಅವರ ಬಾಯಲ್ಲಿ 'ಕುಬ್ಜತೆ' ಎಂಬ ಶಬ್ದ ಬಂತು. ಅವ್ವ ತಡೆದಳು. "ಗಿಡ್ಡ ಅನ್ರಿ. ನಮಗೇನು ಬ್ಯಾಸರಿಲ್ಲ. ನೀವು ಅಷ್ಟು ದೊಡ್ಡ ಶಬ್ದ ಹಾಕಿದ್ರ ನಾವೆಲ್ಲಿ ಹಿಡಸ್ತೀವಿ ಅದರಾಗ?"

ಡಾಕ್ಟರು ನಕ್ಕು ಹಾದಿಗೆ ಬಂದರು. ವಿಳಾಸವಿಲ್ಲದ ಮನೆ ಹುಡುಕಿದ ಹಾಗೆ ಈ ಕೆಲಸ ಎಂದು ತಿಳಿಸಿ ಹೇಳಿದರು. ಮೊದಲು ಯಾವ ರಸ್ತೆ, ಆಮೇಲೆ ಯಾವ ಊರು, ಆಮೇಲೆ ಯಾವ ಓಣಿ, ಕೊನೆಗೆ ಮನೆ. ಗಿಡ್ಡಗಿರುವ ಎಲ್ಲರ ರಕ್ತದಲ್ಲೂ ಒಂದೇ ಥರ ಇರುವ ತುಂಡು ಯಾವುದು, ಅವರ ಎತ್ತರದ ಒಡಹುಟ್ಟಿದವರಲ್ಲಿ ಹಾಗಿಲ್ಲದ್ದು ಯಾವುದು ಎಂದು ನೋಡುತ್ತ ನೋಡುತ್ತ ಜಾಗವನ್ನು ಕಿರಿದು ಮಾಡಬೇಕು. ಅದಕ್ಕೆ ಮನೆಮಂದಿಯೆಲ್ಲರ ರಕ್ತ ಬೇಕು, ಯಾರು ಯಾರಿಗೆ ಹುಟ್ಟಿದವರು ಎಂಬುದು ಸರಿಯಾಗಿ ಗೊತ್ತಿರಬೇಕು.

"ಸಿಕ್ಕಿದ ಮ್ಯಾಲ ಏನ್ ಮಾಡ್ತೀರಿ? ನನ್ನ ಎತ್ತರ ಮಾಡ್ತೀರೇನು?" ಅವ್ವ ಕೇಳಿದಳು.

"ಇಲ್ಲಮ್ಮ, ಅದಾಗಲ್ಲ. ಮುಂದೆ ಮದುವೆಯಾಗೋರು ಮೊದಲೇ ಪರೀಕ್ಷೆ ಮಾಡಿಸ್ಕೋಬಹುದು. ಮಗುಗೆ ಹೀಗಾಗುತ್ತಾ ಅಂತ ಗೊತ್ತಾಗುತ್ತೆ."

"ಗೊತ್ತಾದ್ರ ನಮ್ಮಂಥಾವ್ರು ಹುಟ್ಟಂಗಿಲ್ಲ ಹಂಗಾರ."

ಅಪ್ಪನೇ ಅಂಗಿಯ ತೋಳು ಮಡಚಿ ಮುಂದೆ ಬಂದ. "ತಗೋರಿ ತಗೋರಿ, ಆಕಿದೇನು ಕೇಳ್ತೀರಿ." ಎತ್ತರ ಅಳೆಯುವಾಗ ಮಾತ್ರ ಡಾಕ್ಟರ ಜೊತೆ ಬಂದಿದ್ದ ಹುಡುಗನ ಕೈಯಿಂದ ಟೇಪು ಕಿತ್ತುಕೊಂಡ. "ಸರಿಯಾಗಿ ಹಿಡಿರಿ. ಎರಡು ಬೆರಳು ತಪ್ಪಿದ್ರ ಮನ್ಯಾಗ ನನ್ನ ಮರ್ಯಾದಿ ಹೋಗ್ತೈತಿ." ಅವ್ವನೂ ರಕ್ತ ಕೊಟ್ಟಳು. ನನ್ನ ಕಡೆ ಕೈ ತೋರಿಸಿ ಡಾಕ್ಟರು, "ಇವರು ನಿಮ್ಮ ಸ್ವಂತ ಮಗಳಾ?" ಎಂದಾಗ, "ನಂದರಿ, ಮತ್ಯಾರದು" ಎಂದಳು ಸಲೀಸಾಗಿ. ನಾನೂ ಕೈ ಚಾಚಿದೆ. ಫಲಿತಾಂಶ ನನಗೆ ತಿಳಿಸಬೇಕು ಎಂಬ ಕಡೆ ಸಹಿಯನ್ನೂ ಮಾಡಿದೆ. ಗೊತ್ತಾಗಿಯೇ ಬಿಡಲಿ ಎಂಬ ಮೊಂಡುತನ ನನ್ನಲ್ಲಿ ಮೊದಲಿನಿಂದ ಇದೆ.

ಡಾಕ್ಟರ ಕನ್ನಡ ನಮ್ಮ ಹಳ್ಳಿಗಳಲ್ಲಿ ನಡೆಯುವುದಿಲ್ಲ ಎಂದು ರಜೆಯ ದಿನಗಳಲ್ಲಿ ನಾನೂ ಅವರ ಜೀಪಿನಲ್ಲಿ ಹೋಗತೊಡಗಿದೆ. ಝಳಕಿಯಲ್ಲಿ ಹೆದ್ದಾರಿಯ ಪಕ್ಕ ಪಂಕ್ಚರ್ ಅಂಗಡಿ ಇಟ್ಟ ನಮ್ಮ ಕಾಕಾ, ಅಪ್ಪನ ತಮ್ಮ, ಇದ್ದ. ಅಪ್ಪನಷ್ಟೇ ಗಿಡ್ಡ. ಹೆಂಡತಿ ದೂರದ ಊರಿನವಳು, ಎತ್ತರ. ಮಕ್ಕಳೆಲ್ಲ ಅವಳಂತೆ ಎತ್ತರ. ಮುದ್ದೇಬಿಹಾಳದ ಕಡೆ ಅವ್ವನ ತವರಿನ ಊರಿಗೆ ಹೋದೆವು. ಅಲ್ಲಿ ಅವ್ವನ ಬಳಗದ ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಎತ್ತರ, ಹೆಣ್ಣುಮಕ್ಕಳಿಬ್ಬರೂ ಗಿಡ್ಡ. ಆ ಹೆಂಡತಿಯನ್ನು ಅವಳ ಸೋದರಮಾವನಿಗೇ ಕೊಟ್ಟದ್ದು. ನಮ್ಮಲ್ಲಿ ಹೆಣ್ಣು ಹುಟ್ಟಿದ ದಿನವೇ ಸೋದರಮಾವನ ಹಕ್ಕು ಹುಟ್ಟುತ್ತದೆ. ಸೋದರಮಾವ ಎಂದಾಗಲೆಲ್ಲ ಡಾಕ್ಟರು ತಮ್ಮ ವಂಶಾವಳಿಯ ಹಾಳೆಯಲ್ಲಿ, ರಕ್ತಸಂಬಂಧದ ಮದುವೆ ಎಂದು ಗಂಡ ಹೆಂಡತಿಯ ನಡುವೆ ಒಂದರ ಬದಲು ಎರಡು ಗೆರೆ ಎಳೆಯುತ್ತಿದ್ದರು. ನಮ್ಮ ಮಂದಿಯ ಹಾಳೆಯಲ್ಲಿ ಒಂಟಿ ಗೆರೆ ಹುಡುಕಬೇಕಾಗಿತ್ತು.

ಎತ್ತರದ ತಂದೆತಾಯಿಗೆ ಗಿಡ್ಡ ಮಕ್ಕಳು. ಗಿಡ್ಡ ತಂದೆಗೆ ಎಲ್ಲ ಎತ್ತರದ ಮಕ್ಕಳು. ಇದು ಪ್ರಬಲದ ಲಕ್ಷಣವಲ್ಲ. ನನ್ನ ಕ್ಲಾಸಿನ ದಡ್ಡ ಹುಡುಗನೂ ಹೇಳುತ್ತಾನೆ. ವಾಪಸು ಬರುವಾಗ ಜೀಪಿನಲ್ಲಿ ಡಾಕ್ಟರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕುಳಿತರು. ಅವರಿಗೂ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು. ಆದರೂ ನಮ್ಮ ಮನೆಯದು ಬೇರೆ ಜೀನು ಇರಬಹುದು, ಅಪ್ಪನದೊಂದು ಅವ್ವನದೊಂದು ಇರಬಹುದು ಎಂದು ನೆಪ ಹುಡುಕುತ್ತಿದ್ದೆ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ.

ಕೊನೆಗೆ ಹೋದದ್ದು ದೊಡ್ಡವ್ವನ ಊರಿಗೆ. ಬಾಗೇವಾಡಿಯಿಂದ ಮುಂದೆ, ಮುಳವಾಡದ ಹತ್ತಿರ. ದೊಡ್ಡವ್ವ ಎಂದರೆ ಅವ್ವನ ಒಡಹುಟ್ಟಿದ ಅಕ್ಕ. ಎತ್ತರದ ಆಳು, ದನಿಯೂ ಅಷ್ಟೇ ಎತ್ತರ. ಹೋರಿ ಹಗ್ಗ ಹರಿದುಕೊಂಡು ಓಡಿದಾಗ ಗಂಡಸರು ಕಟ್ಟೆ ಹತ್ತಿದರೆ, ಅಡ್ಡ ಹೋಗಿ ಮೂಗುದಾಣ ಹಿಡಿದವಳು. ಅಂಥವಳು ಜೀಪು ಕಂಡದ್ದೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. "ನನಗ ಸೂಜಿ ಅಂದ್ರ ಭಾಳ ಅಂಜಿಕಿ. ನೀವು ಚಾ ಕುಡೀರಿ, ನಾ ಹೊಲಕ್ಕ ನೀರು ಬಿಟ್ಟು ಬರ್ತೇನಿ" ಎಂದು ಹಿತ್ತಲ ಬಾಗಿಲಿನಿಂದ ಹೋದವಳು ಸಂಜೆಯಾದರೂ ಬರಲಿಲ್ಲ. ನನಗೆ ನಗುವೂ ಬಂತು, ದಿನವೆಲ್ಲ ಕಾಯಿಸಿಬಿಟ್ಟಳಲ್ಲ ಎಂದು ಸಿಟ್ಟೂ ಬಂತು. ಮನೆಗೆ ಬಂದು ಹೇಳಿದರೆ ಅವ್ವ ನಗಲಿಲ್ಲ. "ಹೋಗಲಿ ಬಿಡು, ಒತ್ತಾಯ ಮಾಡಬ್ಯಾಡ" ಎಂದು ಬೇಳೆಯಲ್ಲಿ ಹರಳು ಆರಿಸುವುದನ್ನು ಮುಂದುವರಿಸಿದಳು.

ಆ ವರ್ಷದ ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಎದೆನೋವು ಎಂದ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಗಂಡುಮಕ್ಕಳಿಲ್ಲದ ಮನೆ. ಯಾರು ಮೊದಲು ಮಣ್ಣು ಹಾಕಬೇಕು ಎಂದು ಹಿರಿಯರು ಗುಸುಗುಸು ಮಾಡುತ್ತಿರುವಾಗ ಅವ್ವ, "ಮಗಳದಾಳಲ್ಲ, ಕಣ್ಣಿಗೆ ಕಾಣವಲ್ಲಳೇನು?" ಎಂದು ಗದರಿದಳು. ನಾನೇ ಮಣ್ಣು ಹಾಕಿದೆ. ಕುಣಿ ಸಣ್ಣದೇ ಸಾಕಾಗುತ್ತಿತ್ತು, ಆದರೂ ಪೂರ್ತಿ ಆಳಿನಷ್ಟೇ ತೋಡಿಸಿದ್ದೆವು.

ಮಾರ್ಚ್ ಪರೀಕ್ಷೆ ಮುಗಿದು ನಾನು ಪೇಪರ್ ತಿದ್ದುತ್ತಿದ್ದ ದಿನಗಳಲ್ಲಿ ಡಾಕ್ಟರ ಫೋನ್ ಬಂತು.

"ಮೇಡಂ, ಓಣಿವರೆಗೂ ಬಂದುಬಿಟ್ವಿ. ನಾಲ್ಕೂ ತಾಲೂಕಿನವರದು ಒಂದೇ ತುಂಡು, ಒಂದೇ ಜಾಗ. ನಿಮ್ಮ ತಂದೆತಾಯಿಯವರದ್ದೂ ಅದೇ." ಅಲ್ಲಿಗೆ ನಿಲ್ಲಿಸಿದರು. "ಒಂದು ಸ್ಯಾಂಪಲ್ ಮಾತ್ರ ಹೊಂದ್ತಾ ಇಲ್ಲ."

"ನಂದು."

"ಹೌದು. ನಿಮ್ಮದನ್ನ ಅವರ ಮಗಳು ಅಂತ ಹಾಕಿದ್ರೆ ಸಿಕ್ಕಿರೋ ಜಾಗವೇ ತಪ್ಪು ಅನ್ನುತ್ತೆ ಲೆಕ್ಕ. ಬಿಟ್ಟರೆ ಎಲ್ಲಾ ಸರಿಹೋಗುತ್ತೆ. ಸುಮ್ಮನೆ ಬಿಟ್ಟುಬಿಡಬಹುದು ಮೇಡಂ. ಯಾರಿಗೂ ಹೇಳಬೇಕಾಗಿಲ್ಲ."

"ನಾ ಈ ಪಾಠ ವರ್ಷಾ ವರ್ಷಾ ಕಲಸ್ತೇನ್ರಿ. ಸೀದಾ ಹೇಳ್ರಿ."

"ನೀವು ನಿಮ್ಮ ತಾಯಿಗೆ ಹತ್ತಿರದ ರಕ್ತಸಂಬಂಧಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಅವರು ಹೆತ್ತ ಮಗಳಲ್ಲ ಅನ್ನಿಸುತ್ತೆ."

ಸಂಬಂಧಿ ಎಂದದ್ದು ಎದೆಗೆ ನಟ್ಟಿತು. ಸಂಬಂಧಿ ಎಂದರೆ ಮದುವೆಗೆ ಬಂದು ಉಂಡು ಹೋಗುವವರು. ಅಳು ಬರಲಿಲ್ಲ, ಅವಮಾನವಾಯಿತು. ಅಪ್ಪನ ಮಣ್ಣಿಗೆ ಮುಂದೆ ನಿಂತಿದ್ದ ನಾನು ಯಾರು ಹಾಗಾದರೆ? ಪೇಪರುಗಳನ್ನು ಕಟ್ಟಿಟ್ಟು ಮನೆಗೆ ಹೋದೆ. ಅವ್ವ ರೊಟ್ಟಿ ಬಡಿದು ಕಾಯುತ್ತಿದ್ದಳು. ಎದುರಿಗೆ ಕುಳಿತು ಉಂಡೆ, ಏನೂ ಹೇಳಲಿಲ್ಲ. ಕೆಲವು ದಿನ ಹೀಗೇ ನಡೆಯಿತು. ಅವಳ ಕೈ, ಅವಳ ಕಿವಿ, ನಕ್ಕಾಗ ಅವಳ ಹಲ್ಲು, ಎಲ್ಲವನ್ನೂ ಕದ್ದು ನೋಡುತ್ತಿದ್ದೆ. ಎಲ್ಲಾದರೂ ನನ್ನದು ಸಿಕ್ಕೀತೇ ಎಂದು.

ಮೂರುಸಂಜೆ ದೀಪ ಹಚ್ಚಿ ಬಂದು ಒಂದು ದಿನ ಅವ್ವನೇ ಕೇಳಿದಳು. "ಡಾಕ್ಟರ್ ಬಾಯಿ ಫೋನ್ ಮಾಡಿದ್ಲೇನು?"

"ಹೂಂ."

"ರಕ್ತ ಬಾಯಿ ಬಿಟ್ತು ಹಂಗಾರ." ಮಣೆಯ ಮೇಲೆ ಕುಳಿತಳು, ಸೆರಗಿನಿಂದ ಮುಖ ಒರೆಸಿಕೊಂಡಳು. "ಬಾ, ಕುಂಡ್ರು. ನಂದು ದಿನಾ ತುಂಬಿತ್ತು. ವಿಜಾಪುರದ ದವಾಖಾನ್ಯಾಗ ಹೊಟ್ಟಿ ಕೊಯ್ದು ತಗದ್ರು. ಉಸರಾಡಲಿಲ್ಲ. ಹೆಣ್ಣಂತ. ಮಾರಿ ನನಗ ತೋರಸಲಿಲ್ಲ. ಮತ್ತೊಂದು ಹಡೀಬಾರ್ದು, ಜೀವಾ ಹೋಗ್ತೈತಿ ಅಂದ್ರು. ತವರಿಗೆ ಬಂದು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದೆ. ಅಕ್ಕನೂ ಅಲ್ಲೇ ಬಾಣಂತಿ. ಒಂದಿನ ಎದ್ದು ಬಂದು ನನ್ನ ಎಬ್ಬಿಸಿ ಕುಂಡ್ರಿಸಿದ್ಲು. ಮಾತಿಲ್ಲ ಕತಿಯಿಲ್ಲ, ಉಡಿ ತುಂಬಿದ್ಲು. ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಕುಬಸದ ಖಣ. ಅದರ ಮ್ಯಾಲ ನಿನ್ನ ತಂದು ಹಾಕಿದ್ಲು."

ಉಡಿಯಲ್ಲಿ ಹಾಕುವುದು ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ದತ್ತಕವಲ್ಲ, ಸಾಕಲು ಕೊಟ್ಟದ್ದೂ ಅಲ್ಲ. ಸೀರೆಯ ಸೆರಗೊಡ್ಡಿ ಉಡಿ ತುಂಬಿಸಿಕೊಂಡವಳೇ ಅಂದಿನಿಂದ ಹಡೆದವಳು. ಕೊಟ್ಟವಳು ಮನೆದೇವರ ಮುಂದೆ ಆಣೆ ಮಾಡಿ ಕೈ ತೊಳೆದುಕೊಳ್ಳುತ್ತಾಳೆ, ಎರಡೂ ಮನೆಯವರು ಆ ಮಾತನ್ನು ಮತ್ತೆ ಎತ್ತುವುದಿಲ್ಲ. ಎಲ್ಲಿಂದಲೋ ಬಂದ ಡಾಕ್ಟರು ಸ್ವಂತ ಮಗಳೇ ಎಂದು ಕೇಳಿದಾಗ ಅವ್ವ ಹೇಳಿದ್ದು ಸುಳ್ಳಾಗಿರಲಿಲ್ಲ. ಡಾಕ್ಟರ ಲೆಕ್ಕ ತಪ್ಪಿದ್ದು ಆ ನಿಜದಿಂದ. ಹೋರಿಗೆ ಅಂಜದ ದೊಡ್ಡವ್ವ ಸೂಜಿಗೆ ಯಾಕೆ ಓಡಿದಳು ಎಂಬುದೂ ಆಗ ತಿಳಿಯಿತು.

ಅವ್ವ ಕೇಳಿದಳು. "ನೀ ಕಲ್ತಾಕಿ, ಹೇಳು. ಆ ಕೂಸು ಬದುಕಿದ್ರ ನನ್ನಂಗ ಇರ್ತಿತ್ತೋ, ನಿನ್ನಂಗೋ?"

"ನಿನ್ನಂಗ. ಖಾತ್ರಿ ನಿನ್ನಂಗ."

"ಹೌದು?" ಅವ್ವನ ಮುಖ ಹಗುರಾಯಿತು. "ಇಷ್ಟು ವರ್ಷ ಹೆಂಗಿತ್ತೋ ಏನೋ ಅಂತ ತಿಳೀವಲ್ದಾಗಿತ್ತು. ಈಗರ ನೆನಸ್ಕೋಬಹುದು."

ಅಲ್ಲಿಯತನಕ ನಾನು ಸಮಾಧಾನದಿಂದಲೇ ಇದ್ದೆ. ಸಿಟ್ಟು ಬಂದದ್ದು ಮರುದಿನ ಬೆಳಿಗ್ಗೆ, ಹಾಲು ಕಾಯಲು ಇಟ್ಟಾಗ. ವರನ ಕಡೆಯವರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿ ಹೋದದ್ದು ಕಣ್ಣ ಮುಂದೆ ಬಂತು. ಬೀಜ ಗಿಡ್ಡ ಎಂದ ಮುದುಕಿಯೂ ನೆನಪಿಗೆ ಬಂದಳು.

"ಯವ್ವಾ, ಅವರೆಲ್ಲ ನಿಮ್ಮಿಬ್ಬರನ್ನ ನೋಡಿ ಅಂಜಿ ಹೋದ್ರು," ಅಂದೆ. "ಈಕಿ ನಮ್ಮ ಹೊಟ್ಟೀದಲ್ಲ, ಅಕ್ಕಂದು ಅಂತ ಒಂದ ಒಂದು ಮಾತು ಅಂದಿದ್ರ ಮುಗೀತಿತ್ತು. ಬಾಯಿಗೆ ಬೀಗಾ ಹಾಕ್ಕೊಂಡು ಕುಂತ್ರಿ. ನಿಮ್ಮ ಆಣಿ ಉಳೀತು, ನನ್ನ ಬಾಳೇ ಹೋತು."

ಇಷ್ಟು ಕೆಟ್ಟದಾಗಿ ಅವ್ವನ ಜೊತೆ ನಾನು ಎಂದೂ ಮಾತಾಡಿರಲಿಲ್ಲ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ದನಿ ಏರಿಸಲಿಲ್ಲ.

"ಹೇಳಿದ್ನಲ್ಲ," ಅಂದಳು.

"ಯಾರಿಗೆ?"

"ಕಲಬುರ್ಗಿ ಇಂಜಿನಿಯರ್ ಮನಿಯವ್ರಿಗೆ. ನಿಮ್ಮಪ್ಪನ್ನೂ ಕೇಳಿನ ಹೇಳಿದೆ. ಅವರ ಹಿಂದ ಬಸ್‌ಸ್ಟ್ಯಾಂಡಿಗೆ ಹೋಗಿ ಹುಡುಗನ ತಾಯಿ ಕೈ ಹಿಡದು ಇದ್ದದ್ದು ಇದ್ದಂಗ ಹೇಳಿದೆ. ಒಪ್ಪಿದ್ರು. ಒಂದು ಕರಾರು ಹಾಕಿದ್ರು. ಅಕ್ಕಿಕಾಳಿನ ದಿವ್ಸ ಮದಿವಿ ಹಂದರದಾಗ ಹಡದವ್ರ ಕುಂಡ್ರಬೇಕು. ನೀವಿಬ್ರು ಮುಂದ ಬರಬ್ಯಾಡ್ರಿ, ಮಂದಿ ನೋಡ್ತಾರ ಅಂದ್ರು. ನಾ ಹೂಂ ಅಂದು ಬಂದೆ."

"ಹೂಂ ಅಂದೇನು?"

"ಅಂದೆ. ನಿನಗೊಂದು ಮನಿ ಆಗ್ತೈತಲ್ಲ ಅಂತ. ಹಿಂದಿನ ಸಾಲಾಗ ಕುಂತು ನೋಡಿದ್ರಾತು ಅಂದ ನಿಮ್ಮಪ್ಪ. ಹಿಂದಿನ ಸಾಲಾಗ ಕುಂತ್ರ ನಮಗೇನು ಕಾಣಸ್ತೈತಿ, ಮಂದಿ ಬೆನ್ನು. ಆದ್ರೂ ಆತು ಅಂದ್ವಿ."

"ಮುಂದ?"

"ಮುಂದ ಏನು, ನೀನ ಬ್ಯಾಡ ಅಂದಿ."

ನೆನಪಾಯಿತು. ಆ ಹುಡುಗ ನನಗೆ ಹಿಡಿಸಿದ್ದ. ಮಾತು ಕಡಿಮೆ, ನಕ್ಕರೆ ಚಂದ ಕಾಣುತ್ತಿದ್ದ. ಆದರೆ ಅವನ ತಾಯಿ, ಅವ್ವ ಕೊಟ್ಟ ಚಹಾ ಮುಟ್ಟದೆ ಹಾಗೇ ಕೆಳಗಿಟ್ಟಿದ್ದಳು. ಅವರು ಹೋದ ಮೇಲೆ ಅವ್ವ ಎಲ್ಲಿಗೋ ಹೊರಗೆ ಹೋಗಿ ಬಂದಿದ್ದಳು. ಮರುದಿನ ಅಂಗಡಿಯಲ್ಲಿ ಅಪ್ಪ ಬಟ್ಟೆ ಕತ್ತರಿಸುತ್ತಿದ್ದ. "ಅಪ್ಪಾ, ನಮ್ಮವ್ವನ ಕೈಯಾನ ಚಾ ಕುಡೀಲಾರದವ್ರ ಮನಿ ನನಗ ಬ್ಯಾಡ. ಹೇಳಿ ಕಳಸು" ಎಂದಿದ್ದೆ. ಅಪ್ಪ ಕತ್ತರಿ ನಿಲ್ಲಿಸಿ ನನ್ನನ್ನೇ ನೋಡಿ, "ಖರೇನ?" ಎಂದಿದ್ದ. ಖರೆ ಎಂದಿದ್ದೆ. ಅದನ್ನು ನಾನು ಮರೆತೇಬಿಟ್ಟಿದ್ದೆ. ದೊಡ್ಡ ಕೆಲಸ ಮಾಡಿದೆ ಎಂದು ಅನ್ನಿಸಿದ್ದರೆ ನೆನಪಿರುತ್ತಿತ್ತು. ಆಗ ಬಂದದ್ದು ಬರೀ ಸಿಟ್ಟು.

"ನಾ ಕೊಡಾಕ ತಯಾರಿದ್ದೆ," ಅವ್ವ ಹೇಳಿದಳು. "ನೀನ ಹೋಗಲಿಲ್ಲ."

ಹಾಲು ಉಕ್ಕಿ ಗ್ಯಾಸಿನ ಮೇಲೆ ಚೆಲ್ಲಿತು. ಇಬ್ಬರೂ ನೋಡುತ್ತ ನಿಂತಿದ್ದೆವು. ನಾನು ನೆಲಕ್ಕೆ ಕುಳಿತು ಅತ್ತೆ. ಕುಳಿತರೆ ಮಾತ್ರ ಅವ್ವನ ಕೈಗೆ ನನ್ನ ತಲೆ ಸಿಗುತ್ತದೆ.

ಚಹಾ ಕುಡಿಯುವಾಗ ಅವಳೇ ವ್ಯವಹಾರದ ಮಾತಿಗೆ ಬಂದಳು. "ನಿಂದು ಬಿಟ್ರೂ ಅವರ ಲೆಕ್ಕ ನಡೀತೈತೇನು?"

"ನಡೀತೈತಿ. ಖರೇ ಹೇಳಿ ದೊಡ್ಡವ್ವನ ರಕ್ತಾನೂ ಕೊಟ್ರ ಇನ್ನೂ ಗಟ್ಟಿ ಆಗ್ತೈತಿ."

"ಹಂಗಾರ ನಡಿ. ನಮ್ಮ ತವರಿನ ಹುಡುಗೂರು ಇನ್ನ ಮ್ಯಾಲ ಕಣ್ಣು ಮುಚ್ಚಿ ಮದಿವಿ ಆಗಬಾರ್ದು. ಆಣಿ ಹಾಕಿಸ್ಕೊಂಡಾಕಿ ನಾ, ನಾನ ಬಿಡಸ್ತೇನಿ."

ಡಾಕ್ಟರಿಗೆ ತಿಳಿಸಿದೆ. ಮುಂದಿನ ಭಾನುವಾರ ಅವರು ಜೀಪಿನಲ್ಲಿ ನೇರವಾಗಿ ಅಲ್ಲಿಗೇ ಬರುವುದೆಂದಾಯಿತು. ನಾನೂ ಅವ್ವನೂ ಬಸ್ ಹಿಡಿದೆವು. ಬಸ್ಸಿನ ಮೆಟ್ಟಿಲನ್ನು ಅವ್ವ ಮೊಣಕಾಲೂರಿಯೇ ಹತ್ತುತ್ತಾಳೆ, ಯಾರೂ ಎತ್ತಕೂಡದು. ಬಾಗೇವಾಡಿ ಬರುವತನಕ ಮಾತಾಡಲಿಲ್ಲ. ಅವಳು ಸುಮ್ಮನಿರುವುದು ನನಗೆ ಅಭ್ಯಾಸವಿಲ್ಲ.

"ಏನಾತವಾ?"

"ಏನಿಲ್ಲ. ಆಣಿ ಬಿಡಿಸಿದ ಮ್ಯಾಲ ಆಕಿ ನಿನ್ನ ನಂದು ಅಂದ್ರ, ನಾ ಬ್ಯಾಡ ಅನ್ನಾಕ ಬರಂಗಿಲ್ಲ. ಹಡದಾಕಿ."

"ನಲವತ್ತು ದಾಟೇನಿ. ಕೊಡಾಕ ತಗೋಳಾಕ ನಾ ಏನು ಕುಬಸದ ಖಣೇನು?"

ಅವ್ವ ನಗಲಿಲ್ಲ. ನನ್ನ ಕೈಯನ್ನು ತನ್ನ ಮಡಿಲಿನಲ್ಲಿ ಇಟ್ಟುಕೊಂಡು ಕುಳಿತಳು. ನನಗೂ ಭಯವಾಗಿತ್ತು, ಸುಳ್ಳು ಯಾಕೆ ಹೇಳಲಿ. ದೊಡ್ಡವ್ವ ಇಷ್ಟು ವರ್ಷದ ಹಸಿವೆಲ್ಲ ಒಮ್ಮೆಗೇ ತೀರಿಸಿಕೊಳ್ಳಲು ನನ್ನನ್ನು ಅಪ್ಪಿಕೊಂಡು ಅತ್ತುಬಿಟ್ಟರೆ, ಅದನ್ನು ಅವ್ವ ನೋಡಬೇಕಾಗುತ್ತದಲ್ಲ ಎಂದು.

ದೊಡ್ಡವ್ವ ಈ ಸಲ ಓಡಿಹೋಗಲಿಲ್ಲ. ತಂಗಿಯೇ ಬಂದದ್ದು ನೋಡಿ ಅವಳಿಗೆ ಎಲ್ಲ ಅರ್ಥವಾಗಿತ್ತು. ಅವ್ವ ಪಡಸಾಲೆಯ ಹೊಸ್ತಿಲ ಮೇಲೆ ಕುಳಿತು ಹೇಳಿದಳು, "ಯಕ್ಕಾ, ಆಣಿ ನಾ ಬಿಟ್ಟೇನಿ. ಅವರು ಕೇಳಿದ್ದಕ್ಕ ಖರೇ ಹೇಳು." ದೊಡ್ಡವ್ವ ತೋಳು ಚಾಚಿದಳು. ಸೂಜಿ ಚುಚ್ಚುವಾಗ ಕಣ್ಣು ಸಹ ಮಿಟುಕಿಸಲಿಲ್ಲ. ರಕ್ತ ತೆಗೆದಾದ ಮೇಲೆ ಡಾಕ್ಟರು ಹಾಳೆ ಬಿಚ್ಚಿ ಪೆನ್ನು ಹಿಡಿದು, ಆದಷ್ಟು ಮೆಲ್ಲಗೆ ಕೇಳಿದರು.

"ಅಮ್ಮ, ನಿಮಗೆ ಎಷ್ಟು ಜನ ಮಕ್ಕಳು?"

ದೊಡ್ಡವ್ವ ನನ್ನ ಕಡೆ ನೋಡಲಿಲ್ಲ. ಹೊಸ್ತಿಲ ಮೇಲೆ ಕುಳಿತ ತಂಗಿಯನ್ನು ನೋಡಿದಳು.

"ಹಡದದ್ದು ನಾಕ್ರಿ," ಅಂದಳು. "ನನ್ನವು ಮೂರು."